ಟೇಲರ್ ಬರೆದಿಟ್ಟ, ಗುಳೆ ಹೋದವರದು ಬರೆಯೋರ್ಯಾರು?

ದೇವದುರ್ಗದ ಕಡೆಯಿಂದ ತಿಂಥಣಿ ಸೇತುವೆ ಮೇಲೆ ಕೃಷ್ಣೆ ದಾಟಿದರೆ ಸುರಪುರ ಸೀಮೆ. ಅಲ್ಲಿನ ಗುಡ್ಡದ ಮೇಲೆ ಟೇಲರ್ ಮಂಜಿಲ್ ಅನ್ನೋ ಹಳೇ ಬಂಗಲೆ ಇದೆ. ಅದರಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ ತೀರಿಹೋಗಿ ಸುಮಾರು ಒಂದೂವರೆ ಶತಮಾನವಾಯಿತು. ಆದರೂ ಈ ಸೀಮೆಯ 19ನೇ ಶತಮಾನದ ಬಗ್ಗೆ ಯಾರೇ ಬರೆಯಲು ಕೂತರೂ ಆತನ ಪುಸ್ತಕ ತೆರೆಯಲೇಬೇಕು. ಆತ ದೊಡ್ಡ ಅಧಿಕಾರಿ ಅನ್ನೋದು ಇದಕ್ಕೆ ಕಾರಣವಲ್ಲ. ಅಂಥವರು ಎಷ್ಟೋ ಮಂದಿ ಬಂದುಹೋದರು. ಈತ ಕಂಡದ್ದನ್ನು ಬರೆದಿಟ್ಟ, ಅಷ್ಟೇ.

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. 1824ರಲ್ಲಿ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಮುಂಬೈಗೆ ಬಂದಿಳಿದಾಗ ವಯಸ್ಸು ಬರೀ ಹದಿನೈದು. ಅಲ್ಲಿ ಹೇಳಿದ್ದೇ ಒಂದು, ಇದ್ದದ್ದೇ ಒಂದು. ಕೊನೆಗೆ ಸೇರಿದ್ದು ಹೈದರಾಬಾದ್ ನಿಜಾಮನ ಸೇನೆಗೆ. ಈಸ್ಟ್ ಇಂಡಿಯಾ ಕಂಪನಿಯ ಖಾಯಂ ನೌಕರಿಯ ಭಾಗ್ಯ ಆತನಿಗಿರಲಿಲ್ಲ. ಭಾಷೆ, ಕಾನೂನು, ಭೂಮಿ ಅಳೆಯುವ ವಿದ್ಯೆ ಎಲ್ಲವನ್ನೂ ತಾನೇ ಓದಿ ಕಲಿತ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ ಡಿಗ್ರಿ ತಗೊಂಡ ನನಗೆ, ಕಾಲೇಜು ಮೆಟ್ಟಿಲು ಹತ್ತದ ಈತ ಸುರಪುರದಲ್ಲಿ ರಸ್ತೆ ಹಾಕಿಸಿದ್ದು, ಬೋನಾಳ ಕೆರೆಯ ಕೆಲಸ ಮಾಡಿಸಿದ್ದು ಓದುವಾಗ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

ಹೋದಲ್ಲೆಲ್ಲ ಆತ ಚಿತ್ರ ಬರೆಯುತ್ತಿದ್ದ. ದಖ್ಖನ್‌ನ ಚಿತ್ರಗಳ ಸಂಪುಟ 1837ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕ್ಯಾಮೆರಾ ಜನರ ಕೈಗೆ ಬರುವ ಮೊದಲಿನ ಮಾತಿದು. 1839ರಲ್ಲಿ ಬಂದ ಥಗ್ಗರ ಕಾದಂಬರಿ ಆತನಿಗೆ ಹೆಸರು ತಂದಿತು. ಮುಂದೆ 1866ರಲ್ಲಿ ಬಿಜಾಪುರದ ಕಟ್ಟಡಗಳ ಬಗ್ಗೆ ಒಂದು, ಧಾರವಾಡ ಮತ್ತು ಮೈಸೂರು ಸೀಮೆಯ ಕಟ್ಟಡಗಳ ಬಗ್ಗೆ ಇನ್ನೊಂದು ಫೋಟೊ ಪುಸ್ತಕ ಬಂದಾಗ, ಚಿತ್ರ ತೆಗೆದವರು ಬೇರೆಯವರು, ಜೊತೆಗೆ ಇತಿಹಾಸ ಬರೆದವನು ಟೇಲರ್. ಫೋಟೊ ಗೋಡೆ ತೋರಿಸುತ್ತದೆ. ಆ ಗೋಡೆ ಯಾರದು, ಯಾವಾಗಿನದು ಅಂತ ಹೇಳೋಕೆ ಅಕ್ಷರವೇ ಬೇಕು.

ಸುರಪುರ ಸೀಮೆಯ ಶಿಲಾಗೋರಿಗಳನ್ನು ಅಗೆಸಿದಾಗಲೂ ಇದೇ ಶಿಸ್ತು. ಮಣ್ಣಿನ ಯಾವ ಪದರದಲ್ಲಿ ಏನು ಸಿಕ್ಕಿತು ಅಂತ ಸೀಳುನಕ್ಷೆ ಬರೆದಿಟ್ಟ. ಸುಮಾರು ನೂರು ವರ್ಷದ ನಂತರ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಆ ನಕ್ಷೆಗಳನ್ನು ನೋಡಿ ಮೆಚ್ಚಿದ.

ಆದರೆ ಟೇಲರನನ್ನು ಹೊಗಳಿ ಮುಗಿಸುವಷ್ಟು ಈ ಕತೆ ಸಲೀಸಲ್ಲ.

1841ರಲ್ಲಿ ಸುರಪುರದ ದೊರೆ ತೀರಿಕೊಂಡ. ಮಗ ವೆಂಕಟಪ್ಪ ನಾಯಕ ಇನ್ನೂ ಪುಟ್ಟ ಹುಡುಗ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಸಂಬಂಧಿ ಪಿಡ್ಡ ನಾಯಕ ಇನ್ನೊಂದು ಕಡೆ. ಈ ಜಗಳದ ನಡುವೆ ಬ್ರಿಟಿಷರು ಟೇಲರನನ್ನು ಕಳಿಸಿದರು. 1853ರವರೆಗೆ ಆಡಳಿತ ಆತನ ಕೈಯಲ್ಲಿತ್ತು. ಹುಡುಗ ಆತನನ್ನು ಅಪ್ಪಾ ಅಂತಲೇ ಕರೆಯುತ್ತಿದ್ದ. ಅದೇ 1853ರಲ್ಲಿ ನಿಜಾಮ ಸಾಲದ ಬಾಬ್ತಿಗೆ ರಾಯಚೂರು ಎಡೆದೊರೆ ನಾಡನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ. ನದಿಯ ಈಚೆ ದಡವೂ ಅವರದಾಯಿತು.

1858ರ ಫೆಬ್ರವರಿಯಲ್ಲಿ ಅದೇ ಹುಡುಗ ಬ್ರಿಟಿಷರ ವಿರುದ್ಧ ಬಂಡೆದ್ದ. ಸೋತ, ಹೈದರಾಬಾದಿನಲ್ಲಿ ಸಿಕ್ಕಿಬಿದ್ದ. ಟೇಲರ್ ಸೆರೆಮನೆಗೆ ಹೋಗಿ ಮಾತಾಡಿಸಿದ. ಮರಣದಂಡನೆ ಇಳಿದು ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಆದರೆ ಚೆಂಗಲ್‌ಪಟ್ಟಿಗೆ ಒಯ್ಯುವ ದಾರಿಯಲ್ಲೇ ಗುಂಡು ತಗುಲಿ ರಾಜ ಸತ್ತ. ತಾನೇ ಹೊಡೆದುಕೊಂಡ ಅಂತ ಟೇಲರ್ ಬರೆದಿದ್ದಾನೆ.

ನನಗೆ ಚುಚ್ಚುವುದು ಇಲ್ಲೇ. ಈ ಕತೆಯನ್ನು ನಾವು ಹೆಚ್ಚಾಗಿ ಓದುವುದು ಟೇಲರನ ಆತ್ಮಕತೆಯಲ್ಲಿ. ಅಲ್ಲಿ ರಾಜ ಒಳ್ಳೆಯ ಹುಡುಗ, ಸುತ್ತಲಿನವರು ಕೆಡಿಸಿದರು ಎಂಬ ಧಾಟಿ. ಬರೆದವನಿಗೆ ಪ್ರೀತಿ ಇತ್ತು, ಅನುಮಾನವಿಲ್ಲ. ಆದರೆ ಇಪ್ಪತ್ತು ದಾಟಿದ ಬೇಡ ದೊರೆಗೆ ತನ್ನದೇ ರಾಜಕೀಯ ಇರಬಹುದಿತ್ತು ಅನ್ನೋದು ಆ ಪ್ರೀತಿಯ ಕಣ್ಣಿಗೆ ಕಾಣಲಿಲ್ಲ. ಆ ಕೊನೆಯ ದಾರಿಯಲ್ಲಿ ರಾಜ ಏನು ನೋಡಿದ, ಏನು ಅಂದುಕೊಂಡ? ಅದನ್ನು ಹೇಳುವ ಅವನ ದಿನಚರಿ ಟೇಲರನ ಪುಸ್ತಕದ ಪಕ್ಕದಲ್ಲಿಲ್ಲ.

ಟೇಲರ್ 1860ರಲ್ಲಿ ಕಾಯಿಲೆಯಿಂದ ಊರಿಗೆ ಮರಳಿದ. ಅದೇ ವರ್ಷ ಎಡೆದೊರೆ ನಾಡು ನಿಜಾಮನಿಗೆ ವಾಪಸಾಯಿತು. ಕಣ್ಣು ಮಂಜಾದ ಮೇಲೂ ಹೈದರಾಬಾದಿಗೆ ಮತ್ತೊಮ್ಮೆ ಬಂದುಹೋದ. ಹಿಂತಿರುಗುವಾಗ 1876ರ ಮೇ 13ರಂದು ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ. ಮಗಳು ಸಂಪಾದಿಸಿದ ಆತ್ಮಕತೆ ಮರುವರ್ಷ ಅಚ್ಚಾಯಿತು. ಮುದಗಲ್ ಕೋಟೆ, ಜಲದುರ್ಗಗಳ ಹಿನ್ನೆಲೆಯಲ್ಲಿ ಬರೆದ ಚಾಂದ್ ಬೀಬಿ ಕಾಲದ ಕಾದಂಬರಿ 1878ರಲ್ಲಿ ಬಂತು. ಸತ್ತ ಮೇಲೂ ಆತ ನಮ್ಮ ಜಿಲ್ಲೆಯನ್ನು ಹೇಳುತ್ತಲೇ ಇದ್ದ.

ಹಾಗಂತ ದಾಖಲಿಸುವುದು ಪರದೇಶದವರ ಗುಣ ಅಂದುಕೊಳ್ಳಬೇಡಿ. ರಾಯಚೂರು ಕೋಟೆಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಕಲ್ಲಿದೆ. 1294ರಲ್ಲಿ ಕೋಟೆ ಕಟ್ಟಿದ ಶಾಸನ ಅದರ ಮೇಲಿದೆ. ಆ ಬಂಡೆಯನ್ನು ಕೋಣಗಳ ಬಂಡಿ ಮೇಲೆ ಹೇರಿ ಎಳೆದು ತಂದ ಚಿತ್ರವನ್ನೂ ಕೆತ್ತಿದ್ದಾರೆ. ಚಿತ್ರವೂ ಉಂಟು, ಅಡಿಬರಹವೂ ಉಂಟು. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು ಕಾಶಿವರೆಗೆ ಓಡಾಡಿ, ಕಂಡ ಕ್ಷೇತ್ರಗಳ ಮೇಲೆ ಸುಳಾದಿ ಕಟ್ಟಿದರು. ಅವು ಇವತ್ತಿಗೂ ಜನರ ಬಾಯಲ್ಲಿವೆ.

ಈಗ ನಮ್ಮ ಕಾಲಕ್ಕೆ ಬನ್ನಿ. ದೇವದುರ್ಗ, ಮಾನ್ವಿಯಿಂದ ಕುಟುಂಬಗಳು ಗಂಟುಮೂಟೆ ಕಟ್ಟಿ ಬೆಂಗಳೂರಿನ ಬಸ್ ಹತ್ತುತ್ತವೆ. ಈ ಗುಳೆ ನಮ್ಮ ಜಿಲ್ಲೆಯ ಅತಿ ದೊಡ್ಡ ಪ್ರವಾಸಕಥನ. ಸರ್ಕಾರದ ಕಡತದಲ್ಲಿ ಅವರು ಒಂದು ಸಂಖ್ಯೆ, ಚುನಾವಣೆ ಹೊತ್ತಿಗೆ ಒಂದು ಓಟು. ಅವರ ಫೋನಿನಲ್ಲಿ ಫೋಟೊಗಳಿವೆ: ಅರ್ಧ ಎದ್ದ ಕಟ್ಟಡ, ತಗಡಿನ ಶೆಡ್ಡು, ಮರಳಗುಡ್ಡೆ ಮೇಲೆ ಆಡುವ ಮಗು. ಅಡಿಬರಹ ಇಲ್ಲ. ಫೋನ್ ಕೆಟ್ಟರೆ ಅದೂ ಇಲ್ಲ.

ನಿಮ್ಮಲ್ಲಿ ಎಷ್ಟೋ ಮಂದಿ ಆ ಮನೆಗಳಿಂದಲೇ ಬಂದವರು. ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ ಅವ್ವನ ಪಕ್ಕ ಕೂತು ಆ ಫೋಟೊ ಒಂದೊಂದೇ ತೆಗೆದು ಕೇಳಿ. ಇದು ಯಾವ ಏರಿಯಾ, ಯಾವ ವರ್ಷ, ಆಗ ಕೂಲಿ ಎಷ್ಟಿತ್ತು, ಪಕ್ಕದಲ್ಲಿ ನಿಂತವರು ಯಾರು, ಕೊಡದೇ ಉಳಿಸಿಕೊಂಡ ದುಡ್ಡು ಎಷ್ಟು? ಹತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಇಲ್ಲಾಂದ್ರೆ ನೂರು ವರ್ಷ ಬಿಟ್ಟು ಈ ಕತೆಯನ್ನೂ ಯಾವುದೋ ಸಾಹೇಬರ ಪುಸ್ತಕದಲ್ಲೇ ಓದಬೇಕಾಗುತ್ತದೆ. ಅದರಲ್ಲೂ ನಾವು ಯಾರೋ ಕೆಡಿಸಿದ ಒಳ್ಳೆಯ ಹುಡುಗರಾಗಿಯೇ ಉಳಿದಿರುತ್ತೇವೆ.