ಕಲ್ಲಿನಲ್ಲಿ ಕಾಡನ್ನು ಕಂಡ ಬೀರ್‌ಬಲ್

ಬೀರ್‌ಬಲ್ ಅಂದ ಕೂಡಲೇ ನಿಮಗೆ ಯಾರು ನೆನಪಾಗ್ತಾರೆ? ಅಕ್ಬರ್ ಬಾದಶಹನ ಆಸ್ಥಾನದಲ್ಲಿದ್ದ ಜಾಣ ಮಂತ್ರಿ, ಅಲ್ವಾ? ಅಜ್ಜಿ ಹೇಳುವ ಕಥೆಗಳಲ್ಲಿ ಅವನು ಬಂದೇ ಬರುತ್ತಾನೆ. ಇವತ್ತು ನಾನು ಹೇಳಲು ಹೊರಟಿರುವುದು ಇನ್ನೊಬ್ಬ ಬೀರ್‌ಬಲ್ ಕಥೆ. ಇವರ ಪೂರ್ತಿ ಹೆಸರು ಬೀರ್‌ಬಲ್ ಸಾಹ್ನಿ. ಕೋಟಿಗಟ್ಟಲೆ ವರ್ಷಗಳ ಹಿಂದೆ ಬದುಕಿದ್ದ ಗಿಡಮರಗಳು ಕಲ್ಲಿನಲ್ಲಿ ಬಿಟ್ಟುಹೋದ ಗುರುತುಗಳನ್ನು ಓದುವುದು ಇವರ ಕೆಲಸವಾಗಿತ್ತು. ಅದಕ್ಕಾಗಿಯೇ ಒಂದು ದೊಡ್ಡ ಸಂಸ್ಥೆ ಕಟ್ಟಲು ಹೊರಟರು. ಆದರೆ ಕಟ್ಟಡಕ್ಕೆ ಅಡಿಗಲ್ಲು ಹಾಕಿದ ಒಂದೇ ವಾರಕ್ಕೆ ತೀರಿಹೋದರು. ಆಮೇಲೆ ಆ ಸಂಸ್ಥೆ ಏನಾಯಿತು? ಓದುತ್ತಾ ಹೋಗಿ, ನಿಮಗೇ ಗೊತ್ತಾಗುತ್ತೆ.

ಬೀರ್‌ಬಲ್ ಸಾಹ್ನಿ ಹುಟ್ಟಿದ್ದು 1891ರ ನವೆಂಬರ್ 14ರಂದು. ನವೆಂಬರ್ 14 ಅಂದರೆ ಯಾವ ದಿನ? ಹೌದು, ಭಾರತದಲ್ಲಿ ಮಕ್ಕಳ ದಿನಾಚರಣೆ, ಜವಾಹರಲಾಲ್ ನೆಹರೂ ಅವರ ಹುಟ್ಟುಹಬ್ಬ. ನೆಹರೂ ಇವರಿಗಿಂತ ಸರಿಯಾಗಿ ಎರಡು ವರ್ಷ ದೊಡ್ಡವರು. ಈ ನೆಹರೂ ಮುಂದೆ ನಮ್ಮ ಕಥೆಯೊಳಗೆ ಎರಡು ಸಲ ಬರುತ್ತಾರೆ, ನೆನಪಿಟ್ಟುಕೊಳ್ಳಿ.

ಇವರ ಊರು ಪಂಜಾಬಿನ ಭೇರಾ. ಝೀಲಂ ನದಿಯ ಹತ್ತಿರದ ಈ ಹಳೆಯ ಊರು ಈಗ ಪಾಕಿಸ್ತಾನದಲ್ಲಿದೆ. ತಂದೆ ರುಚಿರಾಮ್ ಸಾಹ್ನಿ ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಆಗೆಲ್ಲ ವಿಜ್ಞಾನ ಅಂದರೆ ಇಂಗ್ಲಿಷ್ ಬಲ್ಲವರ ಸೊತ್ತು. ರುಚಿರಾಮ್ ಹಾಗೆ ಅಂದುಕೊಳ್ಳಲಿಲ್ಲ. ಊರೂರಿಗೆ ಹೋಗಿ, ಜನರ ಮುಂದೆಯೇ ಪ್ರಯೋಗ ಮಾಡಿ ತೋರಿಸಿ, ಪಂಜಾಬಿ ಭಾಷೆಯಲ್ಲೇ ವಿಜ್ಞಾನ ಹೇಳಿಕೊಡುತ್ತಿದ್ದರು. ಮನೆಮಾತಿನಲ್ಲಿ ವಿಜ್ಞಾನ ಹೇಳಲು ಆಗುತ್ತಾ ಅಂತ ಯಾರಾದರೂ ನಿಮ್ಮನ್ನು ಕೇಳಿದರೆ ಈ ಸಂಗತಿ ಹೇಳಿ.

ರಜೆ ಬಂದರೆ ಅಪ್ಪ ಮಕ್ಕಳನ್ನು ಕರೆದುಕೊಂಡು ಹಿಮಾಲಯಕ್ಕೆ ಹೊರಡುತ್ತಿದ್ದರು. ಕಾರಿನಲ್ಲಿ ಅಲ್ಲ, ಕಾಲ್ನಡಿಗೆಯಲ್ಲಿ! ಕಣಿವೆ, ಹಿಮನದಿ, ದೇವದಾರು ಕಾಡು. ಹುಡುಗ ಬೀರ್‌ಬಲ್ ದಾರಿಯುದ್ದಕ್ಕೂ ಗಿಡ, ಎಲೆ, ಕಲ್ಲು ಆರಿಸಿ ಚೀಲ ತುಂಬಿಕೊಳ್ಳುತ್ತಿದ್ದ. ನಿಮ್ಮಲ್ಲಿ ಕೆಲವರು ಬೀಚಿಗೆ ಹೋದರೆ ಜೇಬು ತುಂಬ ಕಪ್ಪೆಚಿಪ್ಪು ತುಂಬಿಕೊಂಡು ಬರ್ತೀರಲ್ಲ, ಹಾಗೆಯೇ.

1911ರಲ್ಲಿ ಲಾಹೋರಿನಲ್ಲಿ ಪದವಿ ಮುಗಿಯಿತು. ಮಗ ಐಸಿಎಸ್ ಮಾಡಿ ದೊಡ್ಡ ಅಧಿಕಾರಿಯಾಗಲಿ ಎಂಬುದು ತಂದೆಯ ಆಸೆ. ಆ ಕಾಲಕ್ಕೆ ಅದಕ್ಕಿಂತ ದೊಡ್ಡ ಕೆಲಸವೇ ಇರಲಿಲ್ಲ ಅನ್ನಿ. ಮಗನಿಗೆ ಮಾತ್ರ ಗಿಡಮರಗಳ ಮೇಲೆಯೇ ಮನಸ್ಸು. ಕೊನೆಗೆ ತಂದೆ ಒಪ್ಪಿದರು. ಬೀರ್‌ಬಲ್ ಇಂಗ್ಲೆಂಡಿಗೆ ಹೋಗಿ ಕೇಂಬ್ರಿಜ್‌ನ ಎಮ್ಯಾನುಯಲ್ ಕಾಲೇಜು ಸೇರಿದರು. (ಅಪ್ಪ ಅಮ್ಮಂದಿರೇ, ಈ ಭಾಗವನ್ನು ಮಕ್ಕಳು ನಿಮಗೇ ಓದಿ ಹೇಳಿದರೆ ಆಶ್ಚರ್ಯಪಡಬೇಡಿ!) ಅಲ್ಲಿ ಪ್ರೊಫೆಸರ್ ಸೀವರ್ಡ್ ಎಂಬ ದೊಡ್ಡ ವಿಜ್ಞಾನಿ ಇವರಿಗೆ ಗುರುವಾದರು. ಸತ್ತುಹೋದ ಗಿಡಗಳ ಚರಿತ್ರೆಯನ್ನು ಓದುವ ವಿದ್ಯೆ ಕಲಿಸಿದವರು ಅವರೇ. ಇದಕ್ಕೆ ಪುರಾಸಸ್ಯವಿಜ್ಞಾನ ಅಂತ ಹೆಸರು.

1919ರಲ್ಲಿ ಸಾಹ್ನಿ ಭಾರತಕ್ಕೆ ಮರಳಿದರು. ಬನಾರಸ್‌ನಲ್ಲಿ ಸ್ವಲ್ಪ ಕಾಲ, ಲಾಹೋರಿನಲ್ಲಿ ಸ್ವಲ್ಪ ಕಾಲ ಪಾಠ ಮಾಡಿದರು. 1920ರಲ್ಲಿ ಸಾವಿತ್ರಿ ಸೂರಿ ಅವರೊಡನೆ ಮದುವೆಯಾಯಿತು. 1921ರಲ್ಲಿ ಲಕ್ನೋ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಕೊನೆಯವರೆಗೂ ಲಕ್ನೋ ಬಿಡಲಿಲ್ಲ. ಪಳೆಯುಳಿಕೆ ಹುಡುಕಲು ಬೆಟ್ಟಗುಡ್ಡ ಸುತ್ತುವಾಗ ಸಾವಿತ್ರಿಯವರೂ ಜೊತೆಗೆ ಹೋಗುತ್ತಿದ್ದರು. ಅವರು ವಿಜ್ಞಾನ ಓದಿದವರಲ್ಲ. ಆದರೆ ಗಂಡನ ಕೆಲಸ ಎಷ್ಟು ದೊಡ್ಡದು ಎಂದು ಹತ್ತಿರದಿಂದ ನೋಡಿ ಬಲ್ಲವರು.

ಪಳೆಯುಳಿಕೆ ಅಂದರೆ ಏನು? ಒಂದು ಎಲೆ ಕೆರೆಯ ಕೆಸರಿಗೆ ಬೀಳುತ್ತದೆ. ಅದರ ಮೇಲೆ ಇನ್ನಷ್ಟು ಕೆಸರು ಕೂರುತ್ತದೆ. ಲಕ್ಷಾಂತರ ವರ್ಷ ಕಳೆದು ಕೆಸರು ಕಲ್ಲಾಗುತ್ತದೆ. ಎಲೆ ಹೋಗುತ್ತದೆ, ಎಲೆಯ ಅಚ್ಚು ಉಳಿಯುತ್ತದೆ. ಕೆಲವೊಮ್ಮೆ ಮರದ ಒಳಗೆ ಖನಿಜ ತುಂಬಿದ ನೀರು ಇಳಿದು ಮರವೇ ಕಲ್ಲಾಗಿಬಿಡುತ್ತದೆ. ಅಂಥ ಕಲ್ಲನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ಒಂದೊಂದು ಜೀವಕೋಶವೂ ಕಾಣಿಸುತ್ತದೆ! ಸಾಹ್ನಿ ಮಾಡುತ್ತಿದ್ದದ್ದು ಅದನ್ನೇ. ಈಗಿನ ಝಾರ್ಖಂಡಿನಲ್ಲಿರುವ ರಾಜಮಹಲ್ ಬೆಟ್ಟಗಳಲ್ಲಿ ಸಿಕ್ಕ ತುಣುಕುಗಳನ್ನು ಜೋಡಿಸಿ, ಇಡೀ ಗಿಡ ಬದುಕಿದ್ದಾಗ ಹೇಗಿತ್ತು ಎಂದು ಚಿತ್ರ ಬರೆಸಿದರು. ಅವುಗಳಲ್ಲಿ ಒಂದಕ್ಕೆ ತಮ್ಮ ಗುರು ಸೀವರ್ಡ್ ಅವರ ಹೆಸರನ್ನೇ ಇಟ್ಟರು.

ದಖ್ಖನ್ ಪ್ರಸ್ಥಭೂಮಿಯ ಮೇಲೂ ಸಾಹ್ನಿ ಕಣ್ಣಿಟ್ಟಿದ್ದರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅಲ್ಲಿ ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿತು. ಎರಡು ಪದರಗಳ ನಡುವಿನ ಕಾಲದಲ್ಲಿ ಕೆರೆಗಳಾದವು, ಗಿಡಗಳು ಬೆಳೆದವು. ಮಧ್ಯ ಭಾರತದಲ್ಲಿ ಆ ನಡುಪದರಗಳಲ್ಲಿ ಸಿಕ್ಕ ಸಸ್ಯಗಳನ್ನು ಸಾಹ್ನಿ ಅಭ್ಯಾಸ ಮಾಡಿದರು. ಅದೇ ಲಾವಾ ನಮ್ಮ ಉತ್ತರ ಕರ್ನಾಟಕದವರೆಗೂ ಹಬ್ಬಿದೆ. ವಿಜಯಪುರ, ಕಲಬುರಗಿ ಕಡೆ ಜೋಳ ಬೆಳೆಯುವ ಎರೆಮಣ್ಣು ಹುಟ್ಟಿದ್ದು ಆ ಕಪ್ಪು ಕಲ್ಲು ಸವೆದೇ. ಮುಂದಿನ ಸಲ ಜೋಳದ ರೊಟ್ಟಿ ತಿನ್ನುವಾಗ ನೆನಪು ಮಾಡಿಕೊಳ್ಳಿ!

ಈಗ ಸಿಡ್ನಿಯಲ್ಲಿರುವ ನಮಗೆ ಇಷ್ಟವಾಗುವ ಒಂದು ವಿಷಯ. ಗ್ಲಾಸಾಪ್ಟೆರಿಸ್ ಎಂಬ ಮರವೊಂದಿತ್ತು. ಎಲೆ ನಾಲಗೆಯ ಆಕಾರ. ಈ ಎಲೆಯ ಅಚ್ಚು ಭಾರತದ ಕಲ್ಲಿದ್ದಲು ಗಣಿಗಳಲ್ಲಿ ಸಿಗುತ್ತದೆ. ನಮ್ಮ ನ್ಯೂ ಸೌತ್ ವೇಲ್ಸ್‌ನ ನ್ಯೂಕ್ಯಾಸಲ್ ಸುತ್ತಿನ ಕಲ್ಲಿದ್ದಲಲ್ಲೂ ಸಿಗುತ್ತದೆ! ಅಷ್ಟು ದೊಡ್ಡ ಸಮುದ್ರ ನಡುವೆ ಇರುವಾಗ ಒಂದೇ ಮರ ಎರಡೂ ಕಡೆ ಹೇಗೆ ಬಂತು? ಯಾಕೆಂದರೆ 25 ಕೋಟಿ ವರ್ಷಗಳಿಗೂ ಹಿಂದೆ ಭಾರತ, ಆಸ್ಟ್ರೇಲಿಯಾ, ಆಫ್ರಿಕಾ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕಾ ಎಲ್ಲ ಅಂಟಿಕೊಂಡು ಒಂದೇ ನೆಲವಾಗಿದ್ದವು. ಅದಕ್ಕೆ ಗೊಂಡ್ವಾನ ಎಂದು ಹೆಸರು. ಖಂಡಗಳು ಸರಿಯುತ್ತವೆ ಎಂಬ ಮಾತನ್ನು ಬಹಳಷ್ಟು ವಿಜ್ಞಾನಿಗಳು ನಂಬದಿದ್ದ ಕಾಲದಲ್ಲೇ, ಪಳೆಯುಳಿಕೆ ಗಿಡಗಳು ಈ ವಿಚಾರಕ್ಕೆ ಏನು ಸಾಕ್ಷಿ ಹೇಳುತ್ತವೆ ಎಂದು ಸಾಹ್ನಿ ಬರೆದಿದ್ದರು. ನೋಡಿ, ನಾವು ವಿಮಾನದಲ್ಲಿ ಬರುವ ಎಷ್ಟೋ ಮೊದಲು ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ನಂಟಿತ್ತು.

ಸಾಹ್ನಿಯವರ ಕುತೂಹಲ ಗಿಡಗಳಿಗೇ ನಿಲ್ಲಲಿಲ್ಲ. 1936ರಲ್ಲಿ ರೋಹ್ತಕ್ ಹತ್ತಿರದ ಖೋಖ್ರಾ ಕೋಟ್ ಎಂಬ ದಿಬ್ಬದಲ್ಲಿ ಅವರಿಗೆ ಮಣ್ಣಿನ ತುಂಡುಗಳು ಸಿಕ್ಕವು. ಬೇರೆಯವರಾಗಿದ್ದರೆ ಮಡಕೆಯ ಚೂರು ಅಂತ ಬಿಸಾಡುತ್ತಿದ್ದರೇನೋ. ಇವರು ತಿರುಗಿಸಿ ನೋಡಿದರು. ಅವು ಸುಮಾರು 2000 ವರ್ಷಗಳ ಹಿಂದೆ ನಾಣ್ಯ ಎರಕ ಹೊಯ್ಯುತ್ತಿದ್ದ ಅಚ್ಚುಗಳು! ಹಳೆಯ ಕಾಲದ ಭಾರತದಲ್ಲಿ ನಾಣ್ಯ ಹೇಗೆ ಮಾಡುತ್ತಿದ್ದರು ಎಂದು ಅವರು ಒಂದು ಗ್ರಂಥವನ್ನೇ ಬರೆದರು. ಅದೇ 1936ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ತನ್ನ ಫೆಲೋ ಆಗಿ ಆರಿಸಿತು. ಇಷ್ಟು ದೊಡ್ಡ ಹೆಸರು ಬಂದರೂ ಉಡುಪು ಮಾತ್ರ ಖಾದಿ.

ಸಾಹ್ನಿ ಅವರಿಗೆ ಒಂದು ಚಿಂತೆ ಕಾಡುತ್ತಿತ್ತು. ತಾನು ಕೂಡಿಟ್ಟ ಪಳೆಯುಳಿಕೆ, ಪುಸ್ತಕ, ಕಲಿತ ವಿದ್ಯೆ ಎಲ್ಲ ತನ್ನ ಜೊತೆಗೇ ಮುಗಿದುಹೋದರೆ? ಒಬ್ಬ ಮನುಷ್ಯ ಎಷ್ಟು ಜಾಣನಾದರೂ ನೂರು ವರ್ಷ ಕೆಲಸ ಮಾಡಲಾರ. ಒಂದು ಸಂಸ್ಥೆ ಮಾಡಬಲ್ಲದು. ಅದಕ್ಕೆ ಅವರು ದೇಶದ ಈ ವಿಷಯದ ವಿದ್ವಾಂಸರನ್ನೆಲ್ಲ ಕೂಡಿಸಿ 1946ರಲ್ಲಿ ಒಂದು ಸಂಘ ಕಟ್ಟಿದರು. ಅದೇ ವರ್ಷದ ಜೂನ್ 3ರಂದು ಸಾಹ್ನಿ ಮತ್ತು ಸಾವಿತ್ರಿ ಇಬ್ಬರೂ ಒಂದು ಟ್ರಸ್ಟ್ ಪತ್ರಕ್ಕೆ ಸಹಿ ಹಾಕಿದರು. ಟ್ರಸ್ಟ್ ಅಂದರೆ, ಈ ಆಸ್ತಿ ಇನ್ನು ಮೇಲೆ ನಮ್ಮದಲ್ಲ, ಈ ಕೆಲಸಕ್ಕೇ ಮೀಸಲು ಎಂದು ಕಾಗದದಲ್ಲಿ ಬರೆದುಕೊಡುವುದು. ತಮ್ಮ ಸ್ಥಿರಾಸ್ತಿ, ಪುಸ್ತಕಗಳು, ಜೀವಮಾನವಿಡೀ ಕೂಡಿಟ್ಟ ಪಳೆಯುಳಿಕೆಗಳು ಎಲ್ಲವನ್ನೂ ಕೊಟ್ಟುಬಿಟ್ಟರು. ಸೆಪ್ಟೆಂಬರಿನಲ್ಲಿ ಸಂಸ್ಥೆ ಶುರುವಾಯಿತು. ಸ್ವಂತ ಜಾಗ ಇರಲಿಲ್ಲ. ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದೊಳಗೇ ಕೆಲಸ. 1948ರಲ್ಲಿ ಅಲ್ಲಿನ ಸರ್ಕಾರ ಒಂದು ಬಂಗಲೆಯನ್ನೂ ಜಾಗವನ್ನೂ ಕೊಟ್ಟಿತು.

ಇನ್ನು ಕಟ್ಟಡ ಕಟ್ಟಬೇಕು. ಅಡಿಗಲ್ಲು ಹೇಗಿರಬೇಕು? ಪೇಟೆಯಿಂದ ಅಮೃತಶಿಲೆ ತಂದು ಹೆಸರು ಕೆತ್ತಿಸಿದರೆ ಆಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಸಾಹ್ನಿ ತಮ್ಮ ಕೈಯಾರೆ ಆ ಕಲ್ಲನ್ನು ತಯಾರಿಸಿದರು. ಬೇರೆ ಬೇರೆ ಕಾಲದ, ಬೇರೆ ಬೇರೆ ದೇಶಗಳ ಪಳೆಯುಳಿಕೆಗಳನ್ನು ಅದರಲ್ಲಿ ಒತ್ತಾಗಿ ಕೂಡಿಸಿ ಎರಕ ಹೊಯ್ದರು. 1949ರ ಏಪ್ರಿಲ್ 3ರಂದು ಪ್ರಧಾನಿ ನೆಹರೂ ಬಂದು ಆ ಕಲ್ಲನ್ನು ಇಟ್ಟರು.

ಏಪ್ರಿಲ್ 10. ಒಂದು ವಾರ ಆಗಿತ್ತು, ಅಷ್ಟೇ. ಹೃದಯಾಘಾತದಿಂದ ಬೀರ್‌ಬಲ್ ಸಾಹ್ನಿ ತೀರಿಕೊಂಡರು. ಆಗ ಅವರಿಗೆ 57 ವರ್ಷ. ಮುಂದಿನ ವರ್ಷ ಸ್ವೀಡನ್ನಿನಲ್ಲಿ ನಡೆಯಲಿದ್ದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನಕ್ಕೆ ಅವರನ್ನು ಗೌರವಾಧ್ಯಕ್ಷರಾಗಿ ಆರಿಸಿದ್ದರು. ಅಲ್ಲಿಗೆ ಹೋಗಲು ಅವರು ಉಳಿಯಲಿಲ್ಲ.

ಸ್ವಲ್ಪ ಯೋಚನೆ ಮಾಡಿ ನೋಡಿ. ಅಂಗಳದಲ್ಲಿ ಒಂದು ಅಡಿಗಲ್ಲು ಇದೆ, ಕಟ್ಟಡ ಇಲ್ಲ. ಕಪಾಟು ತುಂಬ ಪಳೆಯುಳಿಕೆಗಳಿವೆ, ಅವುಗಳ ಬಗ್ಗೆ ಹೇಳಬಲ್ಲ ಗುರು ಇಲ್ಲ. ಕೆಲವೇ ಜನ ಶಿಷ್ಯರು. ಹಣ ಕಡಿಮೆ. ಇಂಥ ಹೊತ್ತಿನಲ್ಲಿ ಬಹಳ ಸಂಸ್ಥೆಗಳು ಬಾಗಿಲು ಮುಚ್ಚುತ್ತವೆ. ಸತ್ತವರ ಒಂದು ಫೋಟೋ ಗೋಡೆಗೆ ಹಾಕಿ, ಹಾರ ಹಾಕಿ, ವರ್ಷಕ್ಕೊಮ್ಮೆ ಭಾಷಣ ಮಾಡಿ ಸುಮ್ಮನಾಗಬಹುದಿತ್ತು.

ಸಾವಿತ್ರಿ ಹಾಗೆ ಮಾಡಲಿಲ್ಲ. ಸಂಸ್ಥೆಯನ್ನು ಕಾಪಾಡು ಎಂಬುದೇ ಗಂಡ ಕೊನೆಗೆ ಅವರಿಗೆ ಹೇಳಿದ್ದು ಎನ್ನುತ್ತಾರೆ. ಅಧ್ಯಕ್ಷೆಯಾಗಿ ಸಂಸ್ಥೆಯ ಜವಾಬ್ದಾರಿಯನ್ನು ಹೊತ್ತರು. ಗಂಡನ ಕೆಲಸ ಮುಂದುವರಿಸಲು ತಾನು ವಿಜ್ಞಾನಿಯಾಗಬೇಕಿಲ್ಲ, ವಿಜ್ಞಾನಿಗಳು ನೆಮ್ಮದಿಯಿಂದ ಕೆಲಸ ಮಾಡುವಂತೆ ನೋಡಿಕೊಂಡರೆ ಸಾಕು ಎಂದು ಅವರಿಗೆ ತಿಳಿದಿತ್ತು. ಸರ್ಕಾರದ ನೆರವು ಬಂತು. ಯುನೆಸ್ಕೋ ಸಹಾಯದ ಕೈ ಚಾಚಿತು. ಅದರ ಮೂಲಕ ನಾರ್ವೆ ದೇಶದ ಸಸ್ಯವಿಜ್ಞಾನಿಯೊಬ್ಬರು ಬಂದು 1951ರಿಂದ 1953ರವರೆಗೆ ನಿರ್ದೇಶಕರಾಗಿದ್ದರು. ಕಟ್ಟಡ ಎದ್ದಿತು. 1953ರ ಜನವರಿ 2ರಂದು ಅದನ್ನು ಉದ್ಘಾಟಿಸಲು ಬಂದವರು ಯಾರು ಗೊತ್ತಾ? ಮತ್ತೆ ನೆಹರೂ! ಸಂಸ್ಥೆಗೆ ಬೀರ್‌ಬಲ್ ಸಾಹ್ನಿ ಅವರ ಹೆಸರೇ ಬಂತು. ಅವರ ಸಮಾಧಿಯೂ ಅದೇ ಆವರಣದಲ್ಲಿದೆ.

ಹೆಸರಿಟ್ಟರೆ ಸಾಲದು, ನಡೆಸಬೇಕಲ್ಲ. ಲೆಕ್ಕ ಇಡುವವರು ಯಾರು? ನಿರ್ದೇಶಕರನ್ನು ಆರಿಸುವವರು ಯಾರು? ಯಾವ ಸಂಶೋಧನೆಗೆ ಎಷ್ಟು ಹಣ ಎಂದು ತೀರ್ಮಾನಿಸುವವರು ಯಾರು? ಇಪ್ಪತ್ತು ವರ್ಷ ಈ ಹೊಣೆ ಹೊತ್ತದ್ದು ಸಾಹ್ನಿ ಕಟ್ಟಿದ ಸಂಘ. 1969ರಲ್ಲಿ ಸಂಸ್ಥೆ ಸಂಘದಿಂದ ಬೇರೆಯಾಗಿ, ಪ್ರತ್ಯೇಕವಾಗಿ ನೋಂದಣಿಯಾಗಿ, ತನ್ನದೇ ನಿಯಮಾವಳಿ, ತನ್ನದೇ ಆಡಳಿತ ಮಂಡಳಿ ಪಡೆಯಿತು. ಈಗ ಅದು ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ನಡೆಯುವ ಸ್ವಾಯತ್ತ ಸಂಸ್ಥೆ. ಸ್ವಾಯತ್ತ ಅಂದರೆ, ಹಣ ಸರ್ಕಾರ ಕೊಟ್ಟರೂ ದಿನದಿನದ ಕೆಲಸ ಹೇಗೆ ನಡೆಯಬೇಕೆಂದು ತಾನೇ ತೀರ್ಮಾನಿಸಿಕೊಳ್ಳುವುದು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಮನೆಯವರು ಕಟ್ಟಿ ಬೆಳೆಸಿದ್ದನ್ನು ಮನೆಯವರೇ ಹಿಡಿದಿಟ್ಟುಕೊಂಡರೆ ಅದು ಮನೆಯಷ್ಟೇ ದಿನ ಬಾಳುತ್ತದೆ. ನಿಯಮಕ್ಕೆ ಒಪ್ಪಿಸಿದರೆ ದೇಶದ್ದಾಗುತ್ತದೆ. ಸಾವಿತ್ರಿಯವರಿಗೆ ಪದ್ಮಶ್ರೀ ಬಂದದ್ದೂ 1969ರಲ್ಲಿ. ಅವರು 1985ರಲ್ಲಿ ತೀರಿಕೊಂಡರು. ಅವರಾದ ಮೇಲೂ ಸಂಸ್ಥೆಯ ಬಾಗಿಲು ಮುಚ್ಚಲಿಲ್ಲ.

ಇವತ್ತು ಲಕ್ನೋದ ಆ ಸಂಸ್ಥೆಯಲ್ಲಿ ಹಳೆಯ ಗಿಡಗಳಷ್ಟೇ ಅಲ್ಲ, ಹಳೆಯ ಹವಾಮಾನವನ್ನೂ ಓದುತ್ತಾರೆ. ಕೆರೆಯ ತಳದ ಕೆಸರಿನಲ್ಲಿ ಉಳಿದ ಪರಾಗದ ಕಣ ನೋಡಿ, ಸಾವಿರಾರು ವರ್ಷಗಳ ಹಿಂದೆ ಅಲ್ಲಿ ಮಳೆ ಹೆಚ್ಚಿತ್ತೋ ಕಡಿಮೆಯಿತ್ತೋ ಎಂದು ಹೇಳುತ್ತಾರೆ. ಸಾಹ್ನಿಯವರನ್ನು ನೋಡೇ ಇಲ್ಲದವರು ಅವರು ಶುರುಮಾಡಿದ ಪಾಠವನ್ನು ಮುಂದಕ್ಕೆ ಓದುತ್ತಿದ್ದಾರೆ.

ಮಕ್ಕಳೇ, ಸ್ಮಾರಕ ಅಂದರೆ ಪ್ರತಿಮೆ, ಗೋಪುರ, ಹೂವಿನ ಹಾರ ಅಂತ ನಾವು ತಿಳಿದಿರುತ್ತೇವೆ. ಅವೂ ಬೇಕು. ಆದರೆ ಬೆಳಗ್ಗೆ ಹತ್ತು ಗಂಟೆಗೆ ಯಾರೋ ಬಂದು ಬೀಗ ತೆಗೆದು, ದೀಪ ಹಾಕಿ, ಕೆಲಸಕ್ಕೆ ಕೂರುತ್ತಾರಲ್ಲ, ಅದಕ್ಕಿಂತ ದೊಡ್ಡ ಸ್ಮಾರಕ ಇಲ್ಲ. ನಮ್ಮ ಈ ಕನ್ನಡ ಶಾಲೆಯನ್ನೇ ನೋಡಿ. ಇದನ್ನು ಶುರುಮಾಡಿದವರು ಎಲ್ಲರೂ ಈಗ ಇಲ್ಲಿಲ್ಲ. ಆದರೂ ವಾರಾಂತ್ಯ ಬಂದರೆ ಯಾರೋ ಒಬ್ಬ ಆಂಟಿ ಬೀಗದ ಕೈ ತರುತ್ತಾರೆ, ಯಾರೋ ಅಂಕಲ್ ಕುರ್ಚಿ ಜೋಡಿಸುತ್ತಾರೆ, ಸಮಿತಿಯವರು ಲೆಕ್ಕ ಬರೆಯುತ್ತಾರೆ. ನಾಳೆ ದೊಡ್ಡವರಾದಾಗ ಆ ಬೀಗದ ಕೈ ನಿಮ್ಮ ಕೈಗೆ ಬರಬಹುದು. ಆಗ ಬೇಡ ಅನ್ನಬೇಡಿ.

ರಜೆಗೆ ಊರಿಗೆ ಹೋದಾಗ ಲಕ್ನೋ ಕಡೆ ಹೋಗುವ ಅವಕಾಶ ಸಿಕ್ಕರೆ ಈ ಸಂಸ್ಥೆಯ ವಸ್ತುಸಂಗ್ರಹಾಲಯ ನೋಡಿ ಬನ್ನಿ. ಅಲ್ಲಿಯವರೆಗೆ, ನಡೆದಾಡುವಾಗ ಸಿಕ್ಕ ಕಲ್ಲನ್ನು ಒಮ್ಮೆ ತಿರುಗಿಸಿ ನೋಡಿ. ಯಾರಿಗೆ ಗೊತ್ತು, ಅದರೊಳಗೆ ಒಂದು ಎಲೆ ನಿಮಗಾಗಿ ಕಾದಿರಬಹುದು!