ನಿಲ್ಸ್ ಓಲ್ ಬಾರಿಚೆಲ್ಲಿ

ನಿಲ್ಸ್ ಓಲ್ ಬಾರಿಚೆಲ್ಲಿ (ಜನವರಿ 24, 1912 – ಜನವರಿ 27, 1993) ಇಟಲಿಯಲ್ಲಿ ಹುಟ್ಟಿ ನಾರ್ವೆಯಲ್ಲಿ ನೆಲೆಸಿದ ಗಣಿತಜ್ಞರು ಹಾಗೂ ಸೈದ್ಧಾಂತಿಕ ಜೀವವಿಜ್ಞಾನಿ. ಜೀವವಿಕಾಸವನ್ನು ಗಣಕಯಂತ್ರದ ಒಳಗೆ, ಸಂಖ್ಯೆಗಳ ನಡುವೆ ನಡೆಯಿಸಿ ನೋಡಿದ ಮೊದಲಿಗರಲ್ಲಿ ಇವರು ಪ್ರಮುಖರು. 1953ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಇವರು ಆರಂಭಿಸಿದ ಪ್ರಯೋಗಗಳನ್ನು ಇಂದು ವಿಕಾಸಾತ್ಮಕ ಗಣನೆ, ಕೃತಕ ಜೀವ ಮತ್ತು ವಂಶವಾಹಿ ಆಧಾರಿತ ಯಂತ್ರಕಲಿಕೆ ಎಂಬ ಶಾಖೆಗಳ ಆದಿಭಾಗದಲ್ಲಿ ಗುರುತಿಸಲಾಗುತ್ತದೆ. ಆದರೆ ಆ ಶಾಖೆಗಳು ತಮ್ಮದೇ ಸಮ್ಮೇಳನ ಮತ್ತು ಪತ್ರಿಕೆಗಳುಳ್ಳ ವಿದ್ವತ್ಸಮುದಾಯವಾಗಿ ಬೆಳೆಯುವ ಹೊತ್ತಿಗೆ ಇವರ ಹೆಸರು ಬಹುಮಟ್ಟಿಗೆ ಮರೆತುಹೋಗಿತ್ತು.

ಜನನ ಮತ್ತು ಶಿಕ್ಷಣ

ಬಾರಿಚೆಲ್ಲಿಯವರು ರೋಮ್ ನಗರದಲ್ಲಿ ಜನಿಸಿದರು. ತಂದೆ ಇಟಲಿಯವರು, ತಾಯಿ ನಾರ್ವೆಯವರು. ರೋಮ್ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಭೌತಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅಲ್ಲಿ ಪ್ರಸಿದ್ಧ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಅವರ ಗುರುಗಳಲ್ಲಿ ಒಬ್ಬರಾಗಿದ್ದರು. ಮುಸೊಲಿನಿಯ ಆಳ್ವಿಕೆಯನ್ನು ಮೆಚ್ಚದ ಬಾರಿಚೆಲ್ಲಿಯವರು 1936ರಲ್ಲಿ ಪದವಿ ಪಡೆದ ಬಳಿಕ ತಾಯಿಯೊಂದಿಗೆ ನಾರ್ವೆಗೆ ತೆರಳಿ ಓಸ್ಲೊದಲ್ಲಿ ನೆಲೆಸಿದರು.

ಎರಡನೆಯ ಮಹಾಯುದ್ಧದ ನಂತರ ಅವರು ಹವಾಮಾನದ ಏರಿಳಿತಗಳ ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆಯನ್ನು ಕುರಿತು ಡಾಕ್ಟರೇಟ್ ಪದವಿಗಾಗಿ ಪ್ರಬಂಧವೊಂದನ್ನು ಸಿದ್ಧಪಡಿಸಿದರು. ಅದು ಸುಮಾರು 500 ಪುಟಗಳಷ್ಟಿತ್ತು. ತೀರ ದೀರ್ಘವಾಯಿತೆಂದೂ ಸಂಕ್ಷೇಪಿಸಬೇಕೆಂದೂ ಸೂಚನೆ ಬಂದಾಗ ಅವರು ಒಪ್ಪಲಿಲ್ಲ, ಪದವಿಯನ್ನೇ ಬಿಟ್ಟುಕೊಟ್ಟರು. ತಾವು ಸರಿಯೆಂದು ಕಂಡದ್ದನ್ನು ಯಾರಿಗಾಗಿಯೂ ಮೊಟಕುಗೊಳಿಸದ ಈ ಸ್ವಭಾವ ಅವರ ಮುಂದಿನ ಬದುಕಿನುದ್ದಕ್ಕೂ ಕಂಡುಬರುತ್ತದೆ.

ಸಹಜೀವನದ ಸಿದ್ಧಾಂತ

ನೈಸರ್ಗಿಕ ಆಯ್ಕೆ ಮತ್ತು ಉತ್ಪರಿವರ್ತನೆ ಇವೆರಡರಿಂದಲೇ ಜೀವಿಗಳ ಸಂಕೀರ್ಣತೆಯನ್ನು ವಿವರಿಸಲಾಗದೆಂಬುದು ಬಾರಿಚೆಲ್ಲಿಯವರ ಅಭಿಪ್ರಾಯವಾಗಿತ್ತು. ರಷ್ಯದ ವಿಜ್ಞಾನಿಗಳಾದ ಮೆರೆಷ್ಕೋವ್‌ಸ್ಕಿ ಮತ್ತು ಕೋಜೊ-ಪೊಲ್ಯಾನ್‌ಸ್ಕಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರತಿಪಾದಿಸಿದ್ದ ಸಹಜೀವನ ಸಿದ್ಧಾಂತವು ಅವರನ್ನು ಆಕರ್ಷಿಸಿತು. ಕಲ್ಲುಹೂವಿನಲ್ಲಿ ಶಿಲೀಂಧ್ರವೂ ಪಾಚಿಯೂ ಕೂಡಿ ಒಂದೇ ಜೀವಿಯಂತೆ ಬಾಳುವ ಹಾಗೆ, ಬೇರೆ ಬೇರೆಯಾಗಿದ್ದ ಸರಳ ಜೀವಿಗಳು ಒಂದುಗೂಡಿದ್ದರಿಂದ ಸಂಕೀರ್ಣ ಜೀವಿಗಳು ಉಂಟಾದವು ಎಂಬುದು ಈ ಸಿದ್ಧಾಂತದ ತಿರುಳು. ಬಾರಿಚೆಲ್ಲಿಯವರು ಇದನ್ನು ಇನ್ನೂ ಒಂದು ಹೆಜ್ಜೆ ಮುಂದೊಯ್ದರು. ವಂಶವಾಹಿಗಳೇ ಮೂಲದಲ್ಲಿ ವೈರಾಣುವಿನಂತಹ ಸ್ವತಂತ್ರ ಜೀವಿಗಳಾಗಿದ್ದು, ಕಾಲಕ್ರಮದಲ್ಲಿ ಒಂದನ್ನೊಂದು ಆಶ್ರಯಿಸಿ ಕೋಶದೊಳಗೆ ಸೇರಿರಬೇಕೆಂದು ಊಹಿಸಿದರು.

ಕೋಟ್ಯಂತರ ವರ್ಷಗಳ ಹಿಂದೆ ನಡೆದಿರಬಹುದಾದ ಇಂತಹ ಘಟನೆಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವುದು ಸಾಧ್ಯವಿರಲಿಲ್ಲ. ಆದರೆ ತಮ್ಮನ್ನು ತಾವೇ ನಕಲು ಮಾಡಿಕೊಳ್ಳುವ, ಆಗಾಗ ಬದಲಾಗುವ ಘಟಕಗಳಿದ್ದರೆ ಅವು ಯಾವ ದ್ರವ್ಯದಿಂದ ಆದವು ಎಂಬುದು ಮುಖ್ಯವಲ್ಲ, ಸಂಖ್ಯೆಗಳಾದರೂ ಸಾಕು ಎಂದು ಅವರು ತರ್ಕಿಸಿದರು. ಮೊದಲು ಚೌಕಳಿ ಕಾಗದದ ಮೇಲೆ ಕೈಯಿಂದಲೇ ಲೆಕ್ಕ ಹಾಕಿ ನೋಡಿದರು. ಸಾವಿರಾರು ತಲೆಮಾರುಗಳ ಲೆಕ್ಕ ಕೈಗೆ ಮೀರಿದ್ದರಿಂದ ಅವರಿಗೆ ಗಣಕಯಂತ್ರ ಬೇಕಾಯಿತು.

ಪ್ರಿನ್ಸ್‌ಟನ್‌ನ ಪ್ರಯೋಗಗಳು

ಆ ಕಾಲದಲ್ಲಿ ಅಂತಹ ಯಂತ್ರಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟಿದ್ದವು. ಪ್ರಿನ್ಸ್‌ಟನ್‌ನ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಗಣಿತಜ್ಞ ಜಾನ್ ಫಾನ್ ನಾಯ್ಮನ್ನರ ನೇತೃತ್ವದಲ್ಲಿ ನಿರ್ಮಾಣವಾದ ಗಣಕಯಂತ್ರ ಅವುಗಳಲ್ಲೊಂದು. ಬಾರಿಚೆಲ್ಲಿಯವರು ಫುಲ್‌ಬ್ರೈಟ್ ನೆರವಿನೊಂದಿಗೆ 1953ರ ಆರಂಭದಲ್ಲಿ ಅಲ್ಲಿಗೆ ಬಂದರು. ಯಂತ್ರದ ನೆನಪಿನ ಸಾಮರ್ಥ್ಯ ತಲಾ 40 ಬಿಟ್‌ಗಳ 1,024 ಪದಗಳು, ಎಂದರೆ ಒಟ್ಟು 5 ಕಿಲೋಬೈಟ್ ಮಾತ್ರ. ಜಲಜನಕ ಬಾಂಬಿಗೆ ಸಂಬಂಧಿಸಿದ ಲೆಕ್ಕಗಳೂ ಹವಾಮಾನ ಮುನ್ಸೂಚನೆಯ ಲೆಕ್ಕಗಳೂ ಅದೇ ಯಂತ್ರದಲ್ಲಿ ನಡೆಯುತ್ತಿದ್ದುದರಿಂದ ಬಾರಿಚೆಲ್ಲಿಯವರ ಪಾಲಿಗೆ ಹೆಚ್ಚಾಗಿ ರಾತ್ರಿಯ ವೇಳೆ ಒದಗುತ್ತಿತ್ತು. 1953ರ ಮಾರ್ಚ್ 3ರ ರಾತ್ರಿ ಅವರು ಇಸ್ಪೀಟು ಎಲೆಗಳನ್ನು ಕಲೆಸಿ ತೆಗೆದು, ಹಾಗೆ ಬಂದ ಯಾದೃಚ್ಛಿಕ ಸಂಖ್ಯೆಗಳನ್ನು ಯಂತ್ರದಲ್ಲಿ ಬಿತ್ತಿದರು. 1954 ಮತ್ತು 1956ರಲ್ಲಿ ಮತ್ತೆ ಅಲ್ಲಿಗೆ ಬಂದು ಪ್ರಯೋಗಗಳನ್ನು ಮುಂದುವರಿಸಿದರು.

ಅವರ ಸಂಖ್ಯಾಲೋಕದ ವಿನ್ಯಾಸ ಸರಳವಾಗಿತ್ತು. ಒಂದು ಸಾಲಿನಲ್ಲಿ 512 ಮನೆಗಳು. ಸಾಲಿನ ಕೊನೆಯ ಮನೆಯ ನಂತರ ಮೊದಲ ಮನೆ ಬರುವಂತೆ ಅದು ಬಳೆಯಾಕಾರದಲ್ಲಿ ಕೂಡಿಕೊಂಡಿರುತ್ತದೆ. ಪ್ರತಿ ಮನೆಯೂ ಖಾಲಿ ಇರಬಹುದು, ಅಥವಾ ಅದರಲ್ಲಿ ಒಂದು ಧನ ಇಲ್ಲವೆ ಋಣ ಸಂಖ್ಯೆ ಇರಬಹುದು. ಪ್ರತಿ ಹೊಸ ಸಾಲು ಒಂದು ಹೊಸ ತಲೆಮಾರು. ಮನೆಯೊಂದರಲ್ಲಿ 5 ಇದ್ದರೆ ಮುಂದಿನ ಸಾಲಿನಲ್ಲಿ ಅದು ಐದು ಮನೆ ಬಲಕ್ಕೆ ಕಾಣಿಸಿಕೊಳ್ಳುತ್ತದೆ. –3 ಇದ್ದರೆ ಮೂರು ಮನೆ ಎಡಕ್ಕೆ. ಒಂಟಿ ಸಂಖ್ಯೆಯು ಹೀಗೆ ಚಲಿಸಬಹುದೇ ಹೊರತು ವೃದ್ಧಿಯಾಗಲಾರದು; ಹೆಚ್ಚಿನ ನಕಲುಗಳು ಹುಟ್ಟಬೇಕಾದರೆ ಬೇರೆ ಸಂಖ್ಯೆಗಳ ನೆರವು ಬೇಕು. ಎರಡು ಭಿನ್ನ ಸಂಖ್ಯೆಗಳು ಒಂದೇ ಮನೆಗೆ ಬಂದು ಡಿಕ್ಕಿಯಾದರೆ, ಆ ಪ್ರಯೋಗಕ್ಕೆ ಗೊತ್ತುಮಾಡಿದ ನಿಯಮದಂತೆ ಆ ಮನೆ ಬರಿದಾಗುತ್ತದೆ, ಇಲ್ಲವೆ ಅಲ್ಲಿ ಹೊಸ ಸಂಖ್ಯೆಯೊಂದು ಹುಟ್ಟುತ್ತದೆ. ಈ ಎರಡನೆಯದೇ ಉತ್ಪರಿವರ್ತನೆ.

ಇಷ್ಟೇ ನಿಯಮಗಳಿಂದ ಅನಿರೀಕ್ಷಿತವಾದವು ಒಡಮೂಡಿದವು. ಕೆಲವು ಸಂಖ್ಯೆಗಳು ಗುಂಪಾಗಿ, ಆ ಗುಂಪು ಇಡಿಯಾಗಿ ಮುಂದಿನ ತಲೆಮಾರುಗಳಿಗೆ ಸಾಗುತ್ತಿತ್ತು. ಇಂತಹ ಗುಂಪುಗಳನ್ನು ಬಾರಿಚೆಲ್ಲಿಯವರು ಸಹಜೀವಿಗಳೆಂದು ಕರೆದರು. ಇವು ತಮ್ಮಲ್ಲಿ ಸಂಖ್ಯೆಗಳನ್ನು ವಿನಿಮಯ ಮಾಡಿಕೊಂಡು ಸಂಕರಗೊಂಡವು. ಹಾನಿಗೊಂಡ ಭಾಗಗಳನ್ನು ಸರಿಪಡಿಸಿಕೊಂಡವು. ಬೇರೆ ಗುಂಪಿನ ನೆರವಿಲ್ಲದೆ ಬಾಳಲಾರದ ಪರೋಪಜೀವಿಗಳೂ ಕಾಣಿಸಿಕೊಂಡು, ಕೆಲವೊಮ್ಮೆ ಆಶ್ರಯ ನೀಡಿದ ಗುಂಪನ್ನೇ ನಾಶಮಾಡಿದವು.

ತೊಡಕೊಂದು ಉಳಿದಿತ್ತು. ನೂರಾರು ತಲೆಮಾರುಗಳು ಕಳೆಯುವಷ್ಟರಲ್ಲಿ ಯಾವುದೋ ಒಂದು ಸಾಧಾರಣ ಸಹಜೀವಿ ಇಡೀ ಲೋಕವನ್ನು ವ್ಯಾಪಿಸಿಬಿಡುತ್ತಿತ್ತು. ಬಳಿಕ ವಿಕಾಸವೇ ನಿಂತುಹೋಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಾರಿಚೆಲ್ಲಿಯವರು ಪ್ರದೇಶದಿಂದ ಪ್ರದೇಶಕ್ಕೆ ನಿಯಮಗಳನ್ನು ಬದಲಿಸಿದರು. ಹಲವು ಲೋಕಗಳನ್ನು ಬೇರೆ ಬೇರೆಯಾಗಿ ನಡೆಯಿಸಿ, ಆಗಾಗ ಅವುಗಳ ಭಾಗಗಳನ್ನು ಅದಲುಬದಲು ಮಾಡಿದರು. ಸಂತತಿಯನ್ನು ದ್ವೀಪಗಳಂತೆ ವಿಂಗಡಿಸಿ ನಡುವೆ ವಲಸೆಗೆ ಅವಕಾಶ ಕೊಡುವ ವಿಧಾನ ಇಂದಿನ ವಿಕಾಸಾತ್ಮಕ ಗಣನೆಯಲ್ಲಿ ಸಾಮಾನ್ಯವಾಗಿದೆ.

ಈ ಸಂಖ್ಯೆಗಳು ಜೀವವುಳ್ಳವೆಂದು ಬಾರಿಚೆಲ್ಲಿಯವರು ವಾದಿಸಲಿಲ್ಲ. ಜೀವಿಗಳ ಅನುಕರಣೆಯೆಂದೂ ಅವುಗಳನ್ನು ಭಾವಿಸಲಿಲ್ಲ. ತಮ್ಮನ್ನು ತಾವೇ ನಕಲು ಮಾಡಿಕೊಳ್ಳುವ ರಚನೆಗಳಲ್ಲಿ ಅವು ಒಂದು ವರ್ಗ ಎಂಬುದು ಅವರ ನಿಲುವಾಗಿತ್ತು.

ಆಟ ಕಲಿಯುವ ಸಂಖ್ಯೆಗಳು

ಸಂಖ್ಯೆಗಳು ಕೇವಲ ಬದುಕಿ ಉಳಿಯುವುದಕ್ಕಿಂತ ಹೆಚ್ಚಿನದನ್ನು ಮಾಡಬಲ್ಲವೆ ಎಂಬ ಪ್ರಶ್ನೆಯನ್ನು ಬಾರಿಚೆಲ್ಲಿಯವರು ಮುಂದೆ ಕೈಗೆತ್ತಿಕೊಂಡರು. ಇದಕ್ಕಾಗಿ ಡೆನ್ಮಾರ್ಕಿನ ಪೀಟ್ ಹೈನ್ ರೂಪಿಸಿದ ಟ್ಯಾಕ್ ಟಿಕ್ಸ್ ಎಂಬ ಆಟವನ್ನು ಆರಿಸಿಕೊಂಡರು. ಚೌಕದಲ್ಲಿ ಜೋಡಿಸಿದ ಬಿಲ್ಲೆಗಳಲ್ಲಿ ಒಂದು ಅಡ್ಡಸಾಲಿನಿಂದಲೋ ಉದ್ದಸಾಲಿನಿಂದಲೋ ಒತ್ತಾಗಿರುವ ಎಷ್ಟು ಬಿಲ್ಲೆಗಳನ್ನಾದರೂ ಆಟಗಾರರು ಸರದಿಯಂತೆ ತೆಗೆಯುವ ಆಟವದು. ಎರಡು ಸಹಜೀವಿಗಳು ಒಂದೇ ಜಾಗಕ್ಕೆ ಹೋರಾಡುವಾಗ ಅವುಗಳ ಸಂಖ್ಯೆಗಳನ್ನೇ ಆಟದ ನಡೆಗಳಾಗಿ ಅರ್ಥೈಸಿ, ಗೆದ್ದವಕ್ಕೆ ಉಳಿಯುವ ಅವಕಾಶ ನೀಡಲಾಯಿತು. ಆಟದ ಮಟ್ಟ ಪರಿಣತರದಕ್ಕೆ ಸಮನಾಗದಿದ್ದರೂ ತಲೆಮಾರುಗಳು ಕಳೆದಂತೆ ಸುಧಾರಿಸಿತು. ಹೇಗೆ ಆಡಬೇಕೆಂದು ಆ ಸಂಖ್ಯೆಗಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

1967ರಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಲೇಖನದಲ್ಲಿ ಸರಳಗೊಳಿಸಿದ ಪೋಕರ್ ಆಟವನ್ನು ಬಳಸಿ ಉತ್ಪರಿವರ್ತನೆ ಮತ್ತು ಸಂಕರಗಳ ಪರಿಣಾಮವನ್ನು ಪರೀಕ್ಷಿಸಲಾಯಿತು. ಜೀವವಿಕಾಸ ಮತ್ತು ಯಂತ್ರಕಲಿಕೆ ಎಂಬ ಎರಡು ಪದಗಳೂ ಆ ಲೇಖನದ ಶೀರ್ಷಿಕೆಯಲ್ಲೇ ಜೊತೆಯಾಗಿ ಬಂದಿವೆ.

ಒಂಟಿ ದಾರಿ

ಬಾರಿಚೆಲ್ಲಿಯವರ ಮೊದಲ ವರದಿ 1954ರಲ್ಲಿ ಇಟಲಿಯ ಮೆಥೋಡೋಸ್ ಪತ್ರಿಕೆಯಲ್ಲಿ ಇಟಾಲಿಯನ್ ಭಾಷೆಯಲ್ಲಿ ಪ್ರಕಟವಾಯಿತು. 1957ರಲ್ಲಿ ಅದೇ ಪತ್ರಿಕೆಯಲ್ಲಿ ವಿಸ್ತೃತ ಲೇಖನವೂ, 1962 ಮತ್ತು 1963ರಲ್ಲಿ ಆಕ್ಟಾ ಬಯೊಥಿಯೊರೆಟಿಕಾ ಪತ್ರಿಕೆಯಲ್ಲಿ ಎರಡು ಭಾಗಗಳ ದೀರ್ಘ ಲೇಖನವೂ ಬಂದವು. ಗಣಕಯಂತ್ರಗಳ ಬಗ್ಗೆ ಕೆಲಸ ಮಾಡುತ್ತಿದ್ದವರು ಸಾಮಾನ್ಯವಾಗಿ ಓದುತ್ತಿದ್ದ ಪತ್ರಿಕೆಗಳು ಇವಾಗಿರಲಿಲ್ಲ. ಜೀವವಿಜ್ಞಾನಿಗಳಿಗಾದರೋ ಗಣಕಯಂತ್ರವೇ ಅಪರಿಚಿತವಾಗಿತ್ತು. ಫಾನ್ ನಾಯ್ಮನ್ನರು 1957ರ ಫೆಬ್ರವರಿಯಲ್ಲಿ ನಿಧನರಾದರು. ಮರುವರ್ಷ ಪ್ರಿನ್ಸ್‌ಟನ್‌ನ ಯಂತ್ರವೂ ನಿಂತಿತು.

ಇದೇ ದಿಕ್ಕಿನಲ್ಲಿ ಇತರರೂ ಹೊರಟಿದ್ದರು. ಆಸ್ಟ್ರೇಲಿಯದಲ್ಲಿ ಅಲೆಕ್ಸ್ ಫ್ರೇಸರ್ 1957ರಲ್ಲಿ ತಳಿವಿಜ್ಞಾನದ ಪ್ರಶ್ನೆಗಳಿಗೆ ಗಣಕಯಂತ್ರವನ್ನು ಬಳಸಿದರು. ಬರ್ಕ್ಲಿಯಲ್ಲಿ ಹಾನ್ಸ್ ಬ್ರೆಮರ್‌ಮನ್, ಬರ್ಲಿನ್‌ನಲ್ಲಿ ಇಂಗೋ ರೆಚೆನ್‌ಬರ್ಗ್ ಮತ್ತು ಹಾನ್ಸ್-ಪಾಲ್ ಶ್ವೆಫೆಲ್, ಕ್ಯಾಲಿಫೋರ್ನಿಯದಲ್ಲಿ ಲಾರೆನ್ಸ್ ಫೋಗೆಲ್, ಮಿಷಿಗನ್‌ನಲ್ಲಿ ಜಾನ್ ಹಾಲೆಂಡ್ ತಮ್ಮ ತಮ್ಮ ಮಾರ್ಗಗಳನ್ನು ಕಂಡುಕೊಂಡರು. ಆದರೆ ಇವರೆಲ್ಲರೂ ಸೇರುವ ಸಭೆಯಾಗಲಿ, ಬರೆಯುವ ಸಮಾನ ಪತ್ರಿಕೆಯಾಗಲಿ ಇರಲಿಲ್ಲ. ಹಾಗಾಗಿ ಒಬ್ಬರು ಕಂಡ ವಿಷಯವನ್ನು ಇನ್ನೊಬ್ಬರು ಹೊಸದಾಗಿ ಕಾಣಬೇಕಾಗುತ್ತಿತ್ತು.

ಹಾಲೆಂಡರಿಗೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಶಿಷ್ಯಪರಂಪರೆ ದೊರೆಯಿತು. ಜೆನೆಟಿಕ್ ಆಲ್ಗರಿದಮ್‌ಗಳಿಗೆ ತಳಹದಿಯಾದ ಅವರ ಗ್ರಂಥ 1975ರಲ್ಲಿ ಪ್ರಕಟವಾಯಿತು. 1978ರಲ್ಲಿ ಅವರು ಜೂಡಿತ್ ರೈಟ್‌ಮನ್ನರೊಂದಿಗೆ ಮೊದಲ ವರ್ಗೀಕಾರಕ ವ್ಯವಸ್ಥೆಯನ್ನು ರೂಪಿಸಿದರು. ವಂಶವಾಹಿ ಆಧಾರಿತ ಯಂತ್ರಕಲಿಕೆ ಎಂಬ ಶಾಖೆ ಅಲ್ಲಿಂದ ಬೆಳೆಯಿತು. ಬಾರಿಚೆಲ್ಲಿಯವರಿಗೆ ಅಂತಹ ಪರಂಪರೆ ಒದಗಲಿಲ್ಲ. ಅವರು ನ್ಯೂಯಾರ್ಕ್, ಬ್ರೂಕ್‌ಹೇವನ್, ವ್ಯಾಂಡರ್‌ಬಿಲ್ಟ್ ಮತ್ತು ಸಿಯಾಟಲ್‌ಗಳಲ್ಲಿ ಸಂಚರಿಸುತ್ತ ಕೆಲಸ ಮಾಡಿದರು. ವೈರಾಣುಗಳ ತಳಿವಿಜ್ಞಾನದಲ್ಲೂ ಸಂಶೋಧನೆ ನಡೆಸಿದರು. 1960ರ ದಶಕದ ಕೊನೆಯಲ್ಲಿ ಓಸ್ಲೊಗೆ ಹಿಂದಿರುಗಿದರು.

ಕೊನೆಯ ವರ್ಷಗಳು

ಓಸ್ಲೊದಲ್ಲಿ ಬಾರಿಚೆಲ್ಲಿಯವರು ಗಣಿತದ ತಾರ್ಕಿಕ ತಳಹದಿಯತ್ತ ಹೊರಳಿದರು. ಬಿ-ಗಣಿತವೆಂಬ ತಮ್ಮದೇ ಭಾಷೆಯೊಂದನ್ನು ರೂಪಿಸಿದರು. ಗೋಡೆಲ್ಲರ ಪ್ರಸಿದ್ಧ ಪ್ರಮೇಯದ ಸಾಧನೆಯಲ್ಲಿ ದೋಷವಿದೆಯೆಂದು ಅವರು ನಂಬಿದ್ದರು. ಗಣಿತಜ್ಞರು ಅದನ್ನು ಒಪ್ಪಲಿಲ್ಲ. ತಮ್ಮ ಬರಹಗಳನ್ನು ತಾವೇ ಹೊರತರುತ್ತಿದ್ದ ಪತ್ರಿಕೆಯಲ್ಲಿ ಪ್ರಕಟಿಸುತ್ತಿದ್ದರು. ಸುತ್ತಲಿನವರೆಲ್ಲ ಪರದೆಯ ಮುಂದೆ ಕುಳಿತು ಕೆಲಸ ಮಾಡತೊಡಗಿದ ಮೇಲೂ ಅವರು ಪಂಚ್ ಕಾರ್ಡುಗಳನ್ನು ಬಿಡಲಿಲ್ಲ. ಪರದೆ ಮನಸ್ಸನ್ನು ಚದುರಿಸುತ್ತದೆ, ಕಾಂತೀಯ ಮಾಧ್ಯಮದಲ್ಲಿ ಇಟ್ಟ ಮಾಹಿತಿ ಉಳಿಯುತ್ತದೆಂಬ ಭರವಸೆಯಿಲ್ಲ ಎಂಬುದು ಅವರ ಸಮರ್ಥನೆಯಾಗಿತ್ತು.

1985ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಜೆನೆಟಿಕ್ ಆಲ್ಗರಿದಮ್‌ಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 1987ರಲ್ಲಿ ಲಾಸ್ ಅಲಮಾಸ್‌ನಲ್ಲಿ ಕೃತಕ ಜೀವ ಕುರಿತ ಮೊದಲ ಕಾರ್ಯಾಗಾರವೂ, 1990ರಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಯೂರೋಪಿನ ಸಂಶೋಧಕರ ಸಮ್ಮೇಳನವೂ ನಡೆದವು. ಇಷ್ಟು ದಿನ ಪ್ರತ್ಯೇಕವಾಗಿದ್ದ ಪಂಥಗಳು 1990ರ ದಶಕದ ಆರಂಭದಲ್ಲಿ ವಿಕಾಸಾತ್ಮಕ ಗಣನೆ ಎಂಬ ಒಂದೇ ಹೆಸರಿನಡಿ ಕೂಡಿದವು. ಆ ಹೆಸರನ್ನೇ ಹೊತ್ತ ಪತ್ರಿಕೆ 1993ರಲ್ಲಿ ಆರಂಭವಾಯಿತು. ಅದೇ ವರ್ಷದ ಜನವರಿಯಲ್ಲಿ ಬಾರಿಚೆಲ್ಲಿಯವರು ತಮ್ಮ 81ನೆಯ ವಯಸ್ಸಿನಲ್ಲಿ ನಿಧನರಾದರು.

ಮರುಪರಿಚಯ

ಲೇಖಕ ಜಾರ್ಜ್ ಡೈಸನ್ 1997ರ ತಮ್ಮ ಗ್ರಂಥದಲ್ಲಿ ಬಾರಿಚೆಲ್ಲಿಯವರ ಬದುಕು ಮತ್ತು ಪ್ರಯೋಗಗಳನ್ನು ವಿವರವಾಗಿ ಪರಿಚಯಿಸಿದರು. 2012ರ ಇನ್ನೊಂದು ಗ್ರಂಥದಲ್ಲಿ ಮತ್ತೆ ಆ ವಿಷಯಕ್ಕೆ ಮರಳಿದರು. ಲಾರೆನ್ಸ್ ಫೋಗೆಲ್ಲರ ಮಗ ಹಾಗೂ ಸ್ವತಃ ಇದೇ ಕ್ಷೇತ್ರದ ಸಂಶೋಧಕರಾದ ಡೇವಿಡ್ ಫೋಗೆಲ್, ವಿಕಾಸಾತ್ಮಕ ಗಣನೆಯ ಮರೆತುಹೋದ ಮೂಲ ಲೇಖನಗಳನ್ನು ಕಲೆಹಾಕಿ 1998ರಲ್ಲಿ ಸಂಪಾದಿಸಿದ ಸಂಪುಟದಲ್ಲಿ ಬಾರಿಚೆಲ್ಲಿಯವರ ಕಾರ್ಯಕ್ಕೆ ಸ್ಥಾನ ದೊರೆಯಿತು. ನಂತರ ಅವರ ಸಂಖ್ಯಾಲೋಕವನ್ನು ಆಧುನಿಕ ಗಣಕಯಂತ್ರಗಳಲ್ಲಿ ಮತ್ತೆ ನಡೆಯಿಸಿ ನೋಡಲಾಗಿದೆ.

ಜೀವವಿಜ್ಞಾನದಲ್ಲಿ ಅವರ ಊಹೆಯ ಗತಿ ಬೇರೆಯಾಯಿತು. ಜೀವಕೋಶದ ಮೈಟೊಕಾಂಡ್ರಿಯಗಳು ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಗಳಾಗಿದ್ದವೆಂದು ಲಿನ್ ಮಾರ್ಗುಲಿಸ್ 1967ರಲ್ಲಿ ಪ್ರತಿಪಾದಿಸಿದ್ದು ಕಾಲಕ್ರಮದಲ್ಲಿ ಸ್ವೀಕೃತವಾಯಿತು. ಎಲ್ಲ ವಂಶವಾಹಿಗಳೂ ಸಹಜೀವನದಿಂದಲೇ ಸೇರಿದವೆಂಬ ಬಾರಿಚೆಲ್ಲಿಯವರ ವ್ಯಾಪಕ ವಾದಕ್ಕೆ ಅಂತಹ ಮನ್ನಣೆ ಸಿಗಲಿಲ್ಲ. ಇಂದು ಅವರನ್ನು ಮುಖ್ಯವಾಗಿ ನೆನೆಯುವವರು ಅವರು ಎಂದೂ ಭೇಟಿಯಾಗದ, ಅವರ ನಿಧನದ ನಂತರವೇ ಪೂರ್ಣವಾಗಿ ರೂಪುಗೊಂಡ ಗಣಕವಿಜ್ಞಾನಿಗಳ ಸಮುದಾಯ.