ತಬ್ಬಲಿ ಮಗು ತಾಯಂದಿರಿಗೆ ಕೊಟ್ಟ ಚೆಂಡು



ನಾಯಿಯನ್ನು ತೋರಿಸಿ ಮಗುವಿಗೆ 'ನಾಯಿ' ಎಂದು ಹೇಳಿಕೊಡಬಹುದು. ಚಂದ್ರನನ್ನು ತೋರಿಸಿ 'ಚಂದಮಾಮ' ಎನ್ನಬಹುದು. ಆದರೆ 'ಮೇಲೆ' ಎಂಬುದನ್ನು ಹೇಗೆ ತೋರಿಸುತ್ತೀರಿ? 'ಒಳಗೆ', 'ಹಿಂದೆ', 'ಆಚೆ' ಎಂಬವು ಬೆರಳು ಮಾಡಿ ತೋರಿಸುವ ವಸ್ತುಗಳಲ್ಲ. ಇಂಥ ಮಾತುಗಳನ್ನು ಆಟದಲ್ಲೇ ಕಲಿಸುವ ದಾರಿ ತೋರಿದ ಮಹನೀಯರಲ್ಲಿ ಜರ್ಮನಿಯ ಫ್ರೆಡರಿಕ್ ಫ್ರೋಬೆಲ್ ಪ್ರಮುಖರು.

1782ರ ಏಪ್ರಿಲ್ 21ರಂದು ತುರಿಂಗಿಯಾ ಪ್ರಾಂತ್ಯದ ಓಬರ್‌ವೈಸ್‌ಬಾಖ್ ಎಂಬ ಊರಿನಲ್ಲಿ, ಲೂಥರನ್ ಸಭೆಯ ಬೋಧಕರೊಬ್ಬರ ಮಗನಾಗಿ ಅವರು ಹುಟ್ಟಿದರು. ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ಸಭೆಯ ಕೆಲಸದಲ್ಲಿ ಮುಳುಗಿದ್ದ ತಂದೆಗೆ ಬಿಡುವಿರಲಿಲ್ಲ. ಮಲತಾಯಿ ಮೊದಮೊದಲು ಅಕ್ಕರೆ ತೋರಿದರೂ, ತನಗೊಂದು ಮಗುವಾದ ಮೇಲೆ ಈ ಬಾಲಕನನ್ನು 'ನೀನು' ಎಂದು ಕರೆಯುವುದನ್ನೂ ಬಿಟ್ಟು, ಹೊರಗಿನವನಂತೆ ಮಾತನಾಡಿಸಿದಳು. ಹತ್ತನೆಯ ವಯಸ್ಸಿನಲ್ಲಿ ಸೋದರಮಾವ ತಮ್ಮ ಮನೆಗೆ ಕರೆದೊಯ್ದ ಮೇಲೆಯೇ ಅವನಿಗೆ ಪ್ರೀತಿಯ ಆಸರೆ ಸಿಕ್ಕಿತು.

ಮುಂದೆ ಅರಣ್ಯದ ಕೆಲಸ ಕಲಿತರು. ಯೇನಾದಲ್ಲಿ ಓದುವಾಗ ಸಾಲ ತೀರಿಸಲಾಗದೆ ಸೆರೆವಾಸವನ್ನೂ ಕಂಡರು. 1805ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಶಿಕ್ಷಕರಾದಾಗ, ತಾವು ಹುಟ್ಟಿದ್ದೇ ಈ ಕೆಲಸಕ್ಕೆ ಎಂದು ಅವರಿಗೆ ಅನಿಸಿತು.

1837ರಲ್ಲಿ, ಐವತ್ತೈದರ ವಯಸ್ಸಿನಲ್ಲಿ, ಬ್ಲಾಂಕೆನ್‌ಬರ್ಗ್ ಎಂಬ ಸಣ್ಣ ಪಟ್ಟಣದಲ್ಲಿ ಎಳೆಯ ಮಕ್ಕಳಿಗಾಗಿ ಆಟದ ಸಾಮಾನು ಮಾಡಿಸತೊಡಗಿದರು. ಅವಕ್ಕೆ 'ಕೊಡುಗೆ'ಗಳೆಂದೇ ಹೆಸರಿಟ್ಟರು. ಮೊದಲ ಕೊಡುಗೆ, ದಾರ ಕಟ್ಟಿದ ಆರು ಬಣ್ಣದ ಆರು ಉಣ್ಣೆಯ ಚೆಂಡುಗಳು. ತಾಯಿ ಚೆಂಡನ್ನು ಎತ್ತುತ್ತಾ 'ಮೇಲೆ' ಎನ್ನಬೇಕು, ಇಳಿಸುತ್ತಾ 'ಕೆಳಗೆ' ಎನ್ನಬೇಕು. ತೂಗುತ್ತಾ 'ಅತ್ತ, ಇತ್ತ', ಪೆಟ್ಟಿಗೆಗೆ ಹಾಕುತ್ತಾ 'ಒಳಗೆ', ತೆಗೆಯುತ್ತಾ 'ಹೊರಗೆ'. ಕೈ ಆಡುವಾಗಲೇ ಬಾಯಿಯೂ ಆಡಬೇಕು. ಮಗು ಸ್ವಲ್ಪ ದೊಡ್ಡದಾದ ಮೇಲೆ ಎಂಟು ಮರದ ತುಂಡುಗಳು. ಆಗ ಅದೇ ಒಂದರ ಮೇಲೊಂದು, ಒಂದರ ಪಕ್ಕಕ್ಕೊಂದು ಇಟ್ಟು ಕಟ್ಟುತ್ತದೆ. ಕೇಳಿದ ಮಾತು ಕೈಗೆ ಬರುತ್ತದೆ.

1840ರಲ್ಲಿ ತಮ್ಮ ಸಂಸ್ಥೆಗೆ 'ಕಿಂಡರ್‌ಗಾರ್ಟನ್', ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ಆದರೆ 1851ರ ಆಗಸ್ಟಿನಲ್ಲಿ ಪ್ರಷ್ಯಾ ಸರ್ಕಾರ ಇಂಥ ಶಾಲೆಗಳನ್ನು ನಿಷೇಧಿಸಿತು. ಅವರ ಅಣ್ಣನ ಮಗ ಕಾರ್ಲ್ ಬರೆದದ್ದನ್ನು ಇವರ ತಲೆಗೆ ಕಟ್ಟಿ, ಇವು ನಾಸ್ತಿಕತೆ ಹಾಗೂ ಸಮಾಜವಾದ ಹರಡುತ್ತವೆ ಎಂದು ಆರೋಪಿಸಿತು. 1826ರಲ್ಲೇ ಫ್ರೋಬೆಲರು ಬರೆದ ಶಿಕ್ಷಣ ಗ್ರಂಥ, ಸಕಲವೂ ದೇವರಲ್ಲಿ ಒಂದಾಗಿದೆ ಎಂಬ ನಂಬಿಕೆಯಿಂದಲೇ ಆರಂಭವಾಗುತ್ತದೆ! ಈ ನೋವಿನಲ್ಲೇ ಅವರು 1852ರ ಜೂನ್ 21ರಂದು ಕಣ್ಮುಚ್ಚಿದರು. ನಿಷೇಧ ತೆರವಾದದ್ದು 1860ರಲ್ಲಿ. ಅಷ್ಟರಲ್ಲಿ ಅವರ ತೋಟದ ಬೀಜ ಸಮುದ್ರ ದಾಟಿ ಅಮೆರಿಕದಲ್ಲೂ ಮೊಳೆತಿತ್ತು.

ಓದುಗರೇ, ಚೆಂಡಿಗೆ ದಾರ ಏಕೆ, ಯೋಚಿಸಿದ್ದೀರಾ? ಚೆಂಡು ದೂರ ಹೋಗುತ್ತದೆ, ದಾರ ಎಳೆದರೆ ಮರಳಿ ಹತ್ತಿರ ಬರುತ್ತದೆ. 'ದೂರ' ಎಂಬ ಮಾತಿನ ಅರ್ಥ ತಿಳಿದುಕೊಂಡೇ ಬೆಳೆದ ಮಗು, ಬೇರೆಯವರ ಮಕ್ಕಳಿಗೆ 'ಹತ್ತಿರ' ಎಂಬ ಮಾತನ್ನು ಕೊಟ್ಟುಹೋಯಿತು.

ನಿಮ್ಮ ಮನೆಯಲ್ಲೂ ಒಂದು ಬಟ್ಟೆಯ ಚೆಂಡು, ಒಂದು ಗೇಣು ದಾರ ಇದ್ದೀತು. ಎಡ, ಬಲ ಕಲಿಸುವಾಗ ಮಾತ್ರ ಮಗುವಿನ ಎದುರಿಗಲ್ಲ, ಪಕ್ಕದಲ್ಲಿ ಕುಳಿತುಕೊಳ್ಳಿ. ಎದುರು ಕುಳಿತರೆ ನಿಮ್ಮ ಬಲ ಅದರ ಎಡವಾಗುತ್ತದೆ. ಇಂದು ಸಂಜೆ ಅಡಿಗೆಯ ಗಡಿಬಿಡಿಯ ನಡುವೆಯೂ ಹತ್ತು ನಿಮಿಷ ಕಂದನ ಜೊತೆ ನೆಲದ ಮೇಲೆ ಕುಳಿತು ಆಡಿ.